ಕಾಕಾನ ನಲವತ್ತೊಂದು ಇಂಗ್ಲಿಷು ಶಬ್ದಗಳು

ನಮ್ಮ ಕಾಕಾನಿಗೆ ಇಂಗ್ಲಿಷಿನಲ್ಲಿ ನಲವತ್ತೊಂದು ಶಬ್ದ ಬರುತ್ತಿದ್ದವು. ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನೇ ಎಣಿಸಿದ್ದೇನೆ. ಪ್ರೀತಿಯಿಂದ ಎಣಿಸಿದೆ ಎಂದು ತಿಳಿಯಬೇಡಿ, ಹೊಟ್ಟೆಕಿಚ್ಚಿನಿಂದ ಎಣಿಸಿದೆ. ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಡಬೇಕಾದರೆ ಅವನ ಆಸ್ತಿ ಎಷ್ಟು ಎಂಬುದಾದರೂ ಸರಿಯಾಗಿ ಗೊತ್ತಿರಬೇಕಲ್ಲ?

ನಾನು ಬಾಗಲಕೋಟೆಯ ಸಾಲೆಯಲ್ಲಿ ಇಂಗ್ಲಿಷು ಕಲಿಸುವ ಮಾಸ್ತರ. ವ್ಯಾಕರಣದ ಪುಸ್ತಕವನ್ನು ಮೊದಲಿನಿಂದ ಕೊನೆಗೆ ಹೇಳಬಲ್ಲೆ, ಯಾರಾದರೂ ಪಂಥ ಕಟ್ಟಿದರೆ ಕೊನೆಯಿಂದ ಮೊದಲಿಗೂ ಹೇಳಬಲ್ಲೆ. ಆದರೆ ನನ್ನ ಇಂಗ್ಲಿಷನ್ನು ಈವರೆಗೆ ಕೇಳಿದವರು ಯಾರು? ಸಾಲೆಯ ಮೂವತ್ತು ಹುಡುಗರು. ಅವರಲ್ಲಿ ಹತ್ತು ಮಂದಿ ಯಾವಾಗಲೂ ತೂಕಡಿಸುತ್ತಿರುತ್ತಾರೆ. ನಮ್ಮ ಕಾಕಾನೋ, ಇಳಕಲ್ಲಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು, ಯಾವ ಭಾಷೆಯ ಒಂದಕ್ಷರವನ್ನೂ ಓದಲಾರದವನು, ಸಮುದ್ರ ದಾಟಿ ಹೋಗಿ ಮೂರು ದೇಶದ ಜನರೊಡನೆ ಇಂಗ್ಲಿಷು ಮಾತಾಡಿ ಬಂದ. ಇದನ್ನು ಯಾವ ಕೋರ್ಟಿನಲ್ಲಿ ಹೇಳಿಕೊಳ್ಳಲಿ?

ಅವನಿಗೆ ಆ ಭಾಷೆ ಬಂದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಕಾಕಾ ಇಪ್ಪತ್ತರ ಹರೆಯದಲ್ಲಿದ್ದಾಗ ಒಬ್ಬ ಬಿಳಿಯ ಸಾಹೇಬ ಬಾದಾಮಿಗೆ ಬಂದು, ಗುಡ್ಡದ ಗವಿಗಳನ್ನು ಅಳೆಯುತ್ತ ಎರಡು ಚಳಿಗಾಲ ಡೇರೆ ಹಾಕಿದ್ದನಂತೆ. ಡೇರೆಗೆ ಗಾದಿ ಹೊಲಿಯಲು ಹೋದ ಕಾಕಾನನ್ನು ಅಳತೆಯ ಟೇಪಿನ ತುದಿ ಹಿಡಿಯಲು ನಿಲ್ಲಿಸಿಕೊಂಡ. ತೊಗಲಿನ ದುಂಡು ಡಬ್ಬಿಯೊಳಗೆ ಸುತ್ತಿಕೊಳ್ಳುವ ಟೇಪು ಅದು. ಅದರ ತುದಿಗೊಂದು ಹಿತ್ತಾಳೆಯ ಉಂಗುರ. ಉಂಗುರವನ್ನು ಕಲ್ಲಿಗೆ ಒತ್ತಿ ಹಿಡಿಯುವವನು ಕಾಕಾ, ಡಬ್ಬಿಯ ಕಡೆ ನಿಂತು ಅಂಕಿ ಓದುವವನು ಸಾಹೇಬ. ಹೀಗಾಗಿ ಕಾಕಾನಿಗೆ ಬಂದದ್ದೆಲ್ಲ ಟೇಪಿನ ಇಂಗ್ಲಿಷು. ಹೋಲ್ಡ್ ಎಂದರೆ ಹಿಡಿ. ಸ್ಟ್ರೇಟ್ ಎಂದರೆ ನೆಟ್ಟಗೆ. ಲಿಟಲ್ ಮೋರ್ ಎಂದರೆ ಇನ್ನೂ ಚೂರು. ಫಿನಿಷ್ ಎಂದರೆ ಮುಗಿಯಿತು. ಟುಮಾರೋ ಎಂದರೆ ನಾಳೆ ಬಾ. ನಡುನಡುವೆ ನೋ, ಟೀ, ವಾಟರ್, ವೆರಿ ಗುಡ್. ಇಂಥ ನಲವತ್ತು ಶಬ್ದ ಬಾದಾಮಿಯಲ್ಲಿ ಕೂಡಿದವು. ನಲವತ್ತೊಂದನೆಯದು ಬಂದದ್ದು ಬೇರೆ ಕಡೆ, ಅದೇ ನನ್ನ ಸಂಕಟದ ಮೂಲ.

ಹೋಗುವಾಗ ಸಾಹೇಬ ಆ ಟೇಪನ್ನು ಕಾಕಾನಿಗೇ ಕೊಟ್ಟು ಹೋದ. ಅಂದಿನಿಂದ ಇಳಕಲ್ಲಿನ ಜನಕ್ಕೆ ನೆಮ್ಮದಿಯಿಲ್ಲ. ಗಾದಿ ಬೇಕೆಂದು ಯಾರು ಬಂದರೂ ಅವರನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿ ಅಳೆಯುವುದು. ಉಂಗುರವನ್ನು ಅವರ ಹಿಮ್ಮಡಿಗೆ ಒತ್ತಿ ಹಿಡಿದು, 'ಸ್ಟ್ರೇಟ್! ನೋ ಟಾಕ್!' ಎಂದು ಗದರಿಸುವುದು. ಕಾಕಾ ಎಂದೂ ಉಂಗುರದ ತುದಿಯನ್ನು ಬಿಟ್ಟು ಡಬ್ಬಿಯ ತುದಿಗೆ ಹೋದವನಲ್ಲ. 'ನಾ ಹಿಡಿಯಾಂವ. ಓದಾಂವ ಬ್ಯಾರೆ' ಎನ್ನುತ್ತಿದ್ದ. ಓದುವವರು ಯಾರು? ದಾರಿಯಲ್ಲಿ ಹೋಗುವ ಸೀರೆ ನೇಯುವವರನ್ನೋ ಎಣ್ಣೆ ಮಾರುವವರನ್ನೋ ಕರೆದು ಡಬ್ಬಿ ಕೊಡುತ್ತಿದ್ದ. ಅವರಿಗೂ ಇಂಗ್ಲಿಷು ಅಂಕಿ ಬಾರದು. ಅವರು ಗಂಭೀರವಾಗಿ ನೋಡಿ, 'ಬರೋಬ್ಬರಿ ಐತ್ರಿ' ಎಂದು ಹೇಳಿ ಹೋಗುತ್ತಿದ್ದರು. ಆಮೇಲೆ ನಮ್ಮ ಕಾಕಿ ಒಳಗಿನಿಂದ ಬಂದು, ಸೊಂಟದಲ್ಲಿ ಸಿಕ್ಕಿಸಿಕೊಂಡ ದಾರದಿಂದ ಸದ್ದಿಲ್ಲದೆ ಅಳತೆ ತೆಗೆದು ಗಂಟು ಹಾಕಿಕೊಂಡು ಹೋಗುತ್ತಿದ್ದಳು. ಗಾದಿ ಆಗುತ್ತಿದ್ದುದು ದಾರದ ಅಳತೆಗೆ. ಟೇಪು ಬರೀ ಮರ್ಯಾದೆಗೆ.

ಇಷ್ಟಕ್ಕೇ ನಿಂತಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಐವತ್ತು ಸಮೀಪಿಸಿದಾಗ ಕಾಕಾ ಹಜ್ಜಿಗೆ ಹೊರಟ. ಊರಿನ ಎಲ್ಲ ಜಾತಿಯವರೂ ಹಾರ ಹಾಕಿ, ಹುನಗುಂದದವರೆಗೂ ಚಕ್ಕಡಿ ಕಟ್ಟಿಕೊಂಡು ಬಂದು ಕಳಿಸಿದರು. ಬಾಗಲಕೋಟೆಯಲ್ಲಿ ರೈಲು ಹತ್ತಿಸಿದವನು ನಾನು. ಗಂಟು ಬಿಚ್ಚಿ ನೋಡಿದರೆ ಜಪಮಣಿ ಇಲ್ಲ, ಟೇಪು ಇದೆ!

'ಅಲ್ಲಿ ಏನ ಅಳೀತಿ ಕಾಕಾ?' ಎಂದು ಕೇಳಿದೆ.

'ಯಾರಿಗೆ ಗೊತ್ತಪಾ ಮಾಸ್ತರಾ. ಕೈಯಾಗ ಇರಲಿ' ಎಂದ. ನಾನು ನನ್ನ ಜಪಮಣಿಯನ್ನೇ ಕೊಟ್ಟು ಕಳಿಸಿದೆ.

ಮುಂದಿನದೆಲ್ಲ ಅವನು ತಿರುಗಿ ಬಂದ ಮೇಲೆ, ಮನೆಯ ತುಂಬ ಕೂತ ಜನಕ್ಕೆ ಖರ್ಜೂರ ಹಂಚುತ್ತ ಹೇಳಿದ್ದು. ನಾನು ಒಂದು ಮೂಲೆಯಲ್ಲಿ ಕೂತು ಕೇಳಿದೆ. ಖರ್ಜೂರ ಸಿಹಿಯಾಗಿಯೇ ಇತ್ತು, ನನ್ನ ಬಾಯಿಗೆ ಮಾತ್ರ ಬೇವಾಯಿತು.

ಮುಂಬಯಿಯಿಂದ ಹೊರಟ ಹಡಗಿನ ಮೂರನೆಯ ದಿನ, ಮೈಯೆಲ್ಲ ಕಲ್ಲಿದ್ದಲ ಮಸಿಯಾದ ಒಬ್ಬ ವಿಲಾಯತಿ ಎಂಜಿನಿಯರು ಮೇಲೆ ಬಂದು, ಹಗ್ಗ ಎಳೆಯುತ್ತಿದ್ದ ಖಲಾಸಿಗಳಿಗೆ 'ಹೋಲ್ಡ್!' ಎಂದು ಕೂಗಿದನಂತೆ. ರೊಟ್ಟಿ ತಿನ್ನುತ್ತ ಕೂತಿದ್ದ ಕಾಕಾ ರೊಟ್ಟಿ ಬಿಟ್ಟು ಓಡಿಹೋಗಿ ಹಗ್ಗ ಹಿಡಿದ. ಯಾಕೆ? ಹೋಲ್ಡ್ ಎಂದು ಕೇಳಿದರೆ ಹಿಡಿಯುವುದು ಅವನ ಧರ್ಮ. ಎಂಜಿನಿಯರು ಅವನನ್ನು ಮೇಲಿಂದ ಕೆಳಗೆ ನೋಡಿ 'ವೆರಿ ಗುಡ್' ಅಂದ. ಕಾಕಾ ಕೂಡಲೇ, 'ವೆರಿ ಗುಡ್. ಟೀ?' ಅಂದ. ಹಡಗು ದಡ ಮುಟ್ಟುವವರೆಗೂ ದಿನಕ್ಕೆರಡು ಸಲ ಎಂಜಿನಿಯರನ ಚಹಾ ಬರುತ್ತಿತ್ತಂತೆ. ಚಹಾ ಕುಡಿಯುವ ಶಿಷ್ಟಾಚಾರದ ಮೇಲೆ ನಾನು ಇಂಗ್ಲಿಷಿನಲ್ಲಿ ಒಂದು ಇಡೀ ಪಾಠ ಮಾಡುತ್ತೇನೆ. ನನಗೆ ಈವರೆಗೆ ಯಾವ ಸಾಹೇಬನೂ ಒಂದು ಗುಟುಕು ಕೊಟ್ಟಿಲ್ಲ.

ಆಮೇಲೆ ಕಮರಾನ್ ಎಂಬ ದ್ವೀಪ. ಹಜ್ಜಿಗೆ ಹೋಗುವ ಹಡಗುಗಳನ್ನೆಲ್ಲ ಅಲ್ಲಿ ನಿಲ್ಲಿಸಿ, ರೋಗ ಗೀಗ ಇದ್ದೀತೆಂದು ಯಾತ್ರಿಕರನ್ನು ಹತ್ತು ಹನ್ನೆರಡು ದಿನ ಗುಡಿಸಲುಗಳಲ್ಲಿ ಕೂಡಿಹಾಕುತ್ತಿದ್ದರು. ಅಲ್ಲಿ ಒಬ್ಬ ತುರ್ಕಿ ಡಾಕ್ಟರು. ಸಾಲು ನಿಂತವರಿಗೆ ಅವನು ತನ್ನ ಭಾಷೆಯಲ್ಲಿ ಹೇಳಿದ, ಅರಬ್ಬಿಯಲ್ಲಿ ಹೇಳಿದ, ಯಾರಿಗೂ ತಿಳಿಯಲಿಲ್ಲ. ಬೇಸತ್ತು ಇಂಗ್ಲಿಷಿನಲ್ಲಿ 'ಸ್ಟ್ರೇಟ್' ಎಂದ. ಐದು ನೂರು ಜನರಲ್ಲಿ ಒಬ್ಬನೇ ಒಬ್ಬ ನೆಟ್ಟಗಾದ. ನಾಲಗೆ ತೋರಿಸಿ 'ಲಿಟಲ್ ಮೋರ್' ಎಂದ. ಒಬ್ಬನೇ ಒಬ್ಬನ ನಾಲಗೆ ಇನ್ನೂ ಚೂರು ಹೊರಗೆ ಬಂತು. ಡಾಕ್ಟರು ಸಂತೋಷದಿಂದ ಕಾಕಾನನ್ನು ಸಾಲಿನ ಮುಂದೆ ನಿಲ್ಲಿಸಿ, ಇವನು ಮಾಡಿದಂತೆ ಎಲ್ಲರೂ ಮಾಡಿರೆಂದು ಸನ್ನೆ ಮಾಡಿದನಂತೆ. ಇಡೀ ದಿನ ಕಾಕಾ ಐದು ನೂರು ಸಲ ನಾಲಗೆ ಚಾಚಿದ. 'ಸಂಜೀಕ ನಾಲಿಗಿ ಒಳಗ ಹೋಗವೊಲ್ಲದಾಗಿತ್ತು' ಎಂದು ಅವನು ಹೇಳಿದಾಗ ಮನೆಯೆಲ್ಲ ನಕ್ಕಿತು. ನಾನೂ ನಕ್ಕೆ. ಒಳಗೊಳಗೇ, ಆ ಸಾಲಿನಲ್ಲಿ ನಾನಿರಬೇಕಿತ್ತು, ಡಾಕ್ಟರನಿಗೆ ಇಂಗ್ಲಿಷಿನಲ್ಲಿ ನನ್ನ ಆರೋಗ್ಯದ ಪೂರ್ತಿ ವರದಿ ಒಪ್ಪಿಸುತ್ತಿದ್ದೆ ಎಂದು ಮೈ ಪರಚಿಕೊಂಡೆ.

ಆ ದ್ವೀಪದಲ್ಲಿ ಎಲ್ಲರ ಬಟ್ಟೆ, ಹಾಸಿಗೆಗಳನ್ನು ದೊಡ್ಡ ಬಾಯ್ಲರಿನ ಹಬೆಗೆ ಹಾಕಿ ತೆಗೆಯುತ್ತಿದ್ದರು. ರೋಗ ಸತ್ತಿತೋ ಇಲ್ಲವೋ, ಅಂಗಿಗಳು ಕುಗ್ಗಿ ಹುಡುಗರ ಅಂಗಿಗಳಾದವು, ಗಾದಿಗಳ ಹತ್ತಿ ಗಂಟುಗಂಟಾಯಿತು. ಕಾಕಾ ಗಾದಿ ಬಿಚ್ಚಿ ಕೋಲಿನಿಂದ ಹತ್ತಿ ಬಡಿಯುತ್ತ ಕೂತಿದ್ದಾಗ, ಪಕ್ಕದ ಗುಡಿಸಲಿನ ಮುಂದೆ ಕುಗ್ಗಿದ ಅಂಗಿಗಳ ಹೊಲಿಗೆ ಬಿಚ್ಚುತ್ತಿದ್ದ ಒಬ್ಬ ಮುದುಕ ಕಂಡ. ಅವನ ಕೊರಳಲ್ಲಿ ಟೇಪು!

ಅವನು ಆಫ್ರಿಕಾದ ಕಡೆಯ ತುದಿಯ ಕೇಪ್ ಟೌನ್ ಎಂಬ ಊರಿನ ದರ್ಜಿ. ನಮ್ಮ ಕೋಮಿನವನೇ, ಆದರೆ ಕನ್ನಡ ಗೊತ್ತಿಲ್ಲ, ಉರ್ದು ಗೊತ್ತಿಲ್ಲ. ಕಾಕಾನಿಗೆ ಅವನ ಮನೆಯ ಭಾಷೆ ಗೊತ್ತಿಲ್ಲ. ಸಲಾಮು ಹೇಳಿಯಾದ ಮೇಲೆ ಇಬ್ಬರ ಮಾತೂ ಮುಗಿಯಿತು. ಆಗ ಕಾಕಾ ತನ್ನ ಟೇಪಿನ ಉಂಗುರವನ್ನು ಮುಂದೆ ಚಾಚಿ, 'ಹೋಲ್ಡ್' ಎಂದನಂತೆ. ದರ್ಜಿ ಬೆರಗಾಗಿ ನೋಡಿ, ತನ್ನ ಟೇಪನ್ನೂ ಚಾಚಿ, 'ಹೋಲ್ಡ್' ಎಂದ. ಎರಡೂ ಟೇಪುಗಳನ್ನು ಮರಳ ಮೇಲೆ ಒಂದರ ಪಕ್ಕ ಒಂದು ಇಟ್ಟು ನೋಡಿದರು.

'ಏನ ಹೇಳಲಿ ನಿಮಗ' ಎಂದು ಕಾಕಾ ಜನಕ್ಕೆ ಹೇಳಿದ, 'ನಮ್ಮ ಇಂಚೂ ಅಂವನ ಇಂಚೂ ಒಂದ! ಕೂದಲ ಎಳಿಯಷ್ಟೂ ಫರಕ ಇಲ್ಲ. ಇಲ್ಲಿಂದ ಅಲ್ಲಿಗೆ ಎಷ್ಟ ಸಮುದ್ರ ಐತಿ, ಇಂಚ ಒಂದ!'

ಮುಂದಿನ ಹತ್ತು ದಿನ ಇಬ್ಬರೂ ಜೊತೆಗೆ ಕೂತು, ದ್ವೀಪದಲ್ಲಿದ್ದವರ ಗಾದಿ ಅಂಗಿಗಳನ್ನೆಲ್ಲ ಸರಿಮಾಡಿಕೊಟ್ಟರು. ಇವನು ಹಿಡಿದ, ಅವನು ಓದಿದ. ಮಾತೆಲ್ಲ ಆ ನಲವತ್ತು ಶಬ್ದಗಳಲ್ಲೇ. ಹಡಗು ಬೇರೆಯಾದ ದಿನ ದರ್ಜಿ ಕಾಕಾನ ಎರಡೂ ಕೈ ಹಿಡಿದು ಒಂದು ಹೊಸ ಶಬ್ದ ಹೇಳಿದ. 'ಬ್ರದರ್.' ಅದು ನಲವತ್ತೊಂದನೆಯದು.

ಕತೆ ಅಲ್ಲಿಗೆ ಮುಗಿಯಬಾರದೆ? ಮುಗಿಯಲಿಲ್ಲ. ಲಕ್ಷ ಜನ ಒಂದೇ ಬಗೆಯ ಎರಡು ಬಿಳಿ ಬಟ್ಟೆ ಸುತ್ತಿಕೊಂಡು ಸೇರುವ ಊರು ಮಕ್ಕಾ. ಅಲ್ಲಿ ಯಾರನ್ನು ಯಾರು ಹುಡುಕಬೇಕು? ಒಂದು ದಿನ ಬಜಾರದ ಸಂದಿಯಲ್ಲಿ ನೂಕುನುಗ್ಗಲಿಗೆ ಸಿಕ್ಕ ಕಾಕಾ, ಗೋಡೆಗೆ ಆತುಕೊಂಡು, ಗಾಬರಿಯಲ್ಲಿ ಬಾಯಿಗೆ ಬಂದದ್ದನ್ನು ಕೂಗಿದನಂತೆ. 'ಹೋಲ್ಡ್!' ಆ ಜನಸಾಗರದ ಆಚೆ ದಂಡೆಯಿಂದ ಉತ್ತರ ಬಂತಂತೆ. 'ಲಿಟಲ್ ಮೋರ್, ಬ್ರದರ್! ಲಿಟಲ್ ಮೋರ್!'

ಮನೆಯಲ್ಲಿ ಕೂತವರಲ್ಲಿ ಇಬ್ಬರು ಕಣ್ಣೊರೆಸಿಕೊಂಡರು. ಕಾಕಿ ಮಾತ್ರ, 'ಮಂದಿ ಮಕ್ಕಾದಿಂದ ಪುಣ್ಯಾ ತರತಾರ. ನಮ್ಮಾಂವ ದರ್ಜಿನ್ನ ತಂದಾನ' ಎಂದು ಒಳಗೆ ಹೋದಳು. ನಾನು ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಹೊರಡುವಾಗ ಊರ ಹಿರಿಯನೊಬ್ಬ ನನ್ನ ಹೆಗಲ ಮೇಲೆ ಕೈ ಹಾಕಿ, 'ಮಾಸ್ತರ್ರ, ನಿಮ್ಮ ಕಾಕಾ ಜಗತ್ತಿನ ಕೂಡ ಇಂಗ್ಲಿಷ ಮಾತಾಡಿ ಬಂದ್ರು. ನೀವು ಯಾರ ಕೂಡ ಮಾತಾಡೀರಿ?' ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಅದಕ್ಕೇ ಹೆಚ್ಚು ಚುಚ್ಚಿತು.

ಯಾರ ಕೂಡ ಮಾತಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಮಾನ ಹೇಗೂ ಹೋಗಿದೆ. ಬಾದಾಮಿಯ ಗವಿ ನೋಡಲು ಸಾಹೇಬರು ಬರುತ್ತಾರೆಂದು ಸಾಲೆಯ ಸೂಟಿಯಲ್ಲಿ ಅಲ್ಲಿಗೆ ಹೋಗಿ ಕಾಯುವುದು ನನ್ನ ರೂಢಿ. ಆ ವರ್ಷ ಕಾಕಾನೂ ತನ್ನ ಹಳೆಯ ಗವಿಗಳನ್ನು ನೋಡುವೆನೆಂದು ಜೊತೆಗೆ ಬಂದ. ನಮ್ಮ ಪುಣ್ಯಕ್ಕೆ ಒಬ್ಬ ಎಳೆಯ ಸಾಹೇಬ ಮೆಟ್ಟಿಲ ಮೇಲೆ ಸಿಕ್ಕ. ಮೂರು ವರ್ಷದಿಂದ ಬಾಯಿಪಾಠ ಮಾಡಿಟ್ಟಿದ್ದ ವಾಕ್ಯವನ್ನು, ಉಪವಾಕ್ಯಗಳ ಸಮೇತ, ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವನು ಟೊಪ್ಪಿಗೆ ತೆಗೆದು, ತಡೆದು ತಡೆದು ಹೇಳಿದ, 'ತಾವು ದಯಮಾಡಿ ಕನ್ನಡದಲ್ಲಿ ಮಾತನಾಡಿರಿ. ನನಗೆ ಮುಂದಿನ ತಿಂಗಳು ಕನ್ನಡದ ಪರೀಕ್ಷೆ ಇರುತ್ತದೆ.'

ಆಗ ಸಾಹೇಬನ ಕಣ್ಣು ಕಾಕಾನ ಟೇಪಿನ ಮೇಲೆ ಬಿತ್ತು. ಕಾಕಾ ಉಂಗುರವನ್ನು ಗೋಡೆಗೊತ್ತಿ, 'ಹೋಲ್ಡ್? ಸ್ಟ್ರೇಟ್?' ಎಂದ. ಸಾಹೇಬ ಪರೀಕ್ಷೆಯನ್ನು ಮರೆತು ಗಹಗಹಿಸಿ ನಕ್ಕು ಡಬ್ಬಿ ಹಿಡಿದ. ಮಧ್ಯಾಹ್ನವೆಲ್ಲ ಇಬ್ಬರೂ ಕಂಬ ಕಂಬ ಅಳೆದರು, ಇಂಗ್ಲಿಷಿನಲ್ಲಿ. ನಾನು ಹಿಂದೆ ಹಿಂದೆ ಸಾಹೇಬನ ಕೊಡೆ ಹಿಡಿದುಕೊಂಡು ತಿರುಗಿದೆ, ಕನ್ನಡದಲ್ಲಿ.

ಅದಾದ ಕೆಲವೇ ದಿನಗಳಲ್ಲಿ ಮಕ್ಕಾದಲ್ಲಿ ಕಾಕಾ ಯಾರ ಕೈಯಲ್ಲೋ ಬರೆಸಿಕೊಟ್ಟಿದ್ದ ವಿಳಾಸ ಹಿಡಿದು, ಇಳಕಲ್ಲಿನ ಟಪಾಲು ಕಚೇರಿಗೆ ಕೇಪ್ ಟೌನಿನಿಂದ ಅವನ ಹೆಸರಿಗೆ ಪತ್ರ ಬಂತು. ಕಾಕಾ ಅದನ್ನು ಊರ ಪೋಸ್ಟ್ ಮಾಸ್ತರನ ಕೈಯಲ್ಲಿ ಓದಿಸಬಹುದಿತ್ತು. ಓದಿಸಲಿಲ್ಲ. ಪಂಜೆಯ ಚುಂಗಿನಲ್ಲಿ ಕಟ್ಟಿಕೊಂಡು, ಹತ್ತಿಯ ಚಕ್ಕಡಿ ಹತ್ತಿ, ಕಮತಗಿ ದಾಟಿ, ಶಿರೂರಿನಲ್ಲಿ ಎತ್ತಿಗೆ ನೀರು ಕುಡಿಸಿ, ಎರಡನೆಯ ದಿನ ಬಾಗಲಕೋಟೆಯ ನನ್ನ ಮನೆಯ ಬಾಗಿಲಿಗೆ ಬಂದ. 'ಮನ್ಯಾಗ ಓದಾಂವ ಇದ್ದಾಗ ಹೊರಗಿನವರ ಕಡೆ ಯಾಕ?' ಎಂದ. ಆ ವಿಶ್ವಾಸ ಆಗ ನನಗೆ ತಟ್ಟಲಿಲ್ಲ. ಲಕೋಟೆಯ ಮೇಲಿನ ಹೆಸರನ್ನೇ ನೋಡುತ್ತಿದ್ದೆ. ಸಮುದ್ರದಾಚೆಯ ಮುದ್ರೆ, ಇಂಗ್ಲಿಷು ಅಕ್ಷರ, ಓದಲು ಬಾರದವನ ಹೆಸರು.

ಪತ್ರ ನಾಲ್ಕೇ ಸಾಲು. ಮೊಮ್ಮಗಳು ಹುಟ್ಟಿದ್ದಾಳೆ. ಮಳೆ ಜೋರು. ಕೋಟು ಹೊಲಿಯುತ್ತಿದ್ದೇನೆ. ಹೋಲ್ಡ್, ಬ್ರದರ್. ಕೊನೆಯ ಸಾಲು ಓದಿದಾಗ ಕಾಕಾ ತೊಡೆ ತಟ್ಟಿಕೊಂಡ.

'ಬರಿ' ಎಂದ, 'ಹತ್ತಿ ಚಲೋ ಬಂದೈತಿ. ನಮ್ಮ ಮಾಸ್ತರಗ ಕೆಮ್ಮ ಹತ್ತಿತ್ತು, ಈಗ ಆರಾಮ. ಹೋಲ್ಡ್, ಬ್ರದರ್. ಅಷ್ಟ ಸಾಕು.'

ಅಷ್ಟೇ ಬರೆಯಲು ನನ್ನಂಥವನು ಬೇಕೆ? ನಾನು ನಾಲ್ಕು ಹಾಳೆ ಬರೆದೆ. ಅದರ ಕನ್ನಡ ಹೆಚ್ಚುಕಡಿಮೆ ಹೀಗಾಗುತ್ತದೆ: 'ಪರಮ ಮಾನ್ಯ ಮಹಾಶಯರ ಪಾದಾರವಿಂದಗಳಲ್ಲಿ ಈ ವಿನಮ್ರ ಕಿಂಕರನು ಅರಿಕೆ ಮಾಡಿಕೊಳ್ಳುವುದೇನೆಂದರೆ...' ಹತ್ತಿಗೆ ಒಂದು ಹಾಳೆ, ಕೆಮ್ಮಿಗೆ ಒಂದು. ಉಳಿದ ಎರಡು ಹಾಳೆ, ಈ ಕಿಂಕರನ ಅಣ್ಣನ ಮಗನೊಬ್ಬನು ಬಾಗಲಕೋಟೆಯಲ್ಲಿದ್ದು, ಇಂಗ್ಲಿಷಿನಲ್ಲಿ ಅವನಂಥ ಪಂಡಿತನು ಜಿಲ್ಲೆಯಲ್ಲಿಯೇ ದುರ್ಲಭವೆಂಬ ವಿಷಯಕ್ಕೆ ಮೀಸಲು. ಹೋಲ್ಡ್ ಎಂಬುದನ್ನು ಕೈಬಿಟ್ಟೆ. ಪತ್ರದ ಕೊನೆಗೆ ಅದು ಹೇಗೆ ಒಪ್ಪೀತು? ಅಂಥದೊಂದು ಮುಕ್ತಾಯ ನನ್ನ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಇಂಥವು ಮೂರು ಪತ್ರ ಹೋದವು. ಖರೆ ಹೇಳಬೇಕೆಂದರೆ, ದರ್ಜಿ ನನಗೆ ಪ್ರತ್ಯೇಕವಾಗಿ ಒಂದು ಪತ್ರ ಬರೆಯಲಿ, ನನ್ನ ಹೆಸರೂ ಒಮ್ಮೆ ಸಮುದ್ರ ದಾಟಿ ಬರಲಿ ಎಂಬ ಆಸೆ. ಕಾಕಾನ ಗೆಳೆಯನನ್ನು ಕದಿಯಲು ಹೊರಟಿದ್ದೆ ಎಂದರೂ ತಪ್ಪಲ್ಲ.

ಮೂರನೆಯದಕ್ಕೆ ಬಂದ ಉತ್ತರವನ್ನು ಕಾಕಾ ಎಂದಿನಂತೆ ಚುಂಗಿನಲ್ಲಿ ಕಟ್ಟಿಕೊಂಡು ತಂದ. ಒಡೆದು ಮನಸ್ಸಿನಲ್ಲೇ ಓದಿಕೊಂಡೆ. 'ಇದನ್ನು ಬರೆಸಿದವನು ನನ್ನ ಬ್ರದರ್ ಅಲ್ಲ. ನಮ್ಮಿಬ್ಬರ ನಡುವೆ ಯಾರೋ ವಕೀಲ ಬಂದು ಕೂತಿದ್ದಾನೆ. ಅವನನ್ನು ಎಬ್ಬಿಸಿರಿ. ನನ್ನ ಬ್ರದರ್ ಆರಾಮಿದ್ದಾನೋ ಇಲ್ಲವೋ? ಇದ್ದರೆ ಹೋಲ್ಡ್ ಎಂದು ಯಾಕೆ ಅನ್ನುವುದಿಲ್ಲ? ಅವನು ಅನ್ನುವವರೆಗೆ ನಾನೂ ಅನ್ನುವುದಿಲ್ಲ.'

ಕಾಕಾ ಎದುರಿಗೆ ಚಕ್ಕಮಕ್ಕಳ ಹಾಕಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದ. 'ಮಳಿ ಆಗೈತಂತ. ಎಲ್ಲಾರೂ ಆರಾಮ ಅದಾರಂತ' ಎಂದೆ.

'ಕಡೀಕ ಹೋಲ್ಡ್ ಅಂದಾನಿಲ್ಲ?'

'ಇಲ್ಲ ಕಾಕಾ.'

'ಚಲೋತ್ನಾಗಿ ನೋಡು.'

'ನೋಡಿದೆ. ಇಲ್ಲ.'

ಇಂಥ ಸುಳ್ಳಿನ ನಡುವೆ ಅದೊಂದೇ ಖರೆ ಮಾತು, ಅದೇ ಕಾಕಾನನ್ನು ಇರಿಯಿತು. ಅವನು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ತಿರುಗಿಸಿ ತಿರುಗಿಸಿ ನೋಡಿ, ಮಡಚಿದ. 'ಅಂವಗ ನಾ ಬ್ಯಾಸರಾಗಿರಬೇಕು' ಎಂದ. 'ಬರಿ' ಎನ್ನಲಿಲ್ಲ. ಊಟಕ್ಕೂ ನಿಲ್ಲದೆ ಚಕ್ಕಡಿ ಹತ್ತಿ ಹೋದ.

ತಿಂಗಳೊಪ್ಪತ್ತಿನಲ್ಲಿ ಇಳಕಲ್ಲಿನಿಂದ ಬಂದವರ ಕೈಯಲ್ಲಿ ಕಾಕಿ ಹೇಳಿಕಳಿಸಿದಳು. 'ಟೇಪ ಗೂಟಕ್ಕ ಹಾಕ್ಯಾನ. ಗಿರಾಕಿ ಬಂದ್ರ ದಾರಾ ಕೊಡು ಅಂತಾನ. ಅವಗ ನೀ ಏನ ಓದಿ ಹೇಳಿದಿ?' ಕಾಕಾ ದಾರ ಕೇಳುತ್ತಾನೆ! ಆದಿತ್ಯವಾರದ ದಾರಿ ಕಾಯದೆ ಇಳಕಲ್ಲಿಗೆ ಹೋದೆ.

ಎಲ್ಲವನ್ನೂ ಹೇಳಿದೆ. ನಾಲ್ಕು ಹಾಳೆ, ಕಿಂಕರ, ಪಂಡಿತ, ವಕೀಲ, ಕೈಬಿಟ್ಟ ಹೋಲ್ಡ್. ಯಾಕೆ ಎಂದೂ ಹೇಳಿದೆ. 'ನಿನ್ನ ಮ್ಯಾಲ ನನಗ ಹೊಟ್ಟಿಕಿಚ್ಚು ಕಾಕಾ. ಬಾದಾಮ್ಯಾಗ ಕೊಡಿ ಹಿಡದ ದಿನದಿಂದ ಅಲ್ಲ, ನೀ ಹಡಗಿನ ಚಾ ಕುಡದ ದಿನದಿಂದ.' ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿದ್ದೆ.

ಕಾಕಾ ಎದ್ದು ಗೂಟದ ಮೇಲಿನ ಟೇಪು ತಂದ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಉಂಗುರ ಹಿಡಿದು ಹೋಗಿ ಬಾಗಿಲ ಚೌಕಟ್ಟಿಗೆ ಒತ್ತಿದ.

'ಓದು' ಎಂದ.

'ಮೂರು ಫೂಟು ಎರಡ ಇಂಚು.'

'ಹೆಚ್ಚ ಓದಿದೇನು?'

'ಇಲ್ಲ.'

'ಕಡಿಮಿ?'

'ಇಲ್ಲ.'

'ಹಂಗ ಓದಬೇಕಪಾ ಮಾಸ್ತರಾ. ಹಿಡಿಯಾಂವಗ ಅಂಕಿ ಕಾಣೂದಿಲ್ಲ. ಓದಾಂವನ್ನ ನಂಬಿ ಹಿಡಕೊಂಡ ನಿಂತಿರತಾನ.' ಅಷ್ಟು ಹೇಳಿ, 'ಈಗ ಬರಿ' ಎಂದ.

ಆ ದಿನ ಬರೆದ ಪತ್ರದಲ್ಲಿ ಅವನು ಹೇಳಿದ್ದಷ್ಟೇ ಇತ್ತು. ವಕೀಲ ಎದ್ದು ಹೋದ ಎಂದೂ ಬರೆಸಿದ, ಅದನ್ನೂ ಬರೆದೆ. ಉತ್ತರ ಬಂದಾಗ ಒಂದು ಹಾಳೆಯ ತುಂಬ ಹೋಲ್ಡ್, ಹೋಲ್ಡ್, ಹೋಲ್ಡ್. ಎಂಟು ಸಲ. ಎಂಟನ್ನೂ ಓದಿದೆ, ಒಂದನ್ನೂ ನುಂಗಲಿಲ್ಲ. ಮುಂದೆ ಎಷ್ಟೋ ವರ್ಷ ಪತ್ರಗಳು ಹೋದವು, ಬಂದವು. ಹೊಟ್ಟೆಕಿಚ್ಚು ಹೋಯಿತೆ ಎಂದು ಕೇಳುತ್ತೀರಾ? ಎಲ್ಲಿಯ ಮಾತು! ಪ್ರತಿ ಲಕೋಟೆಯ ಮೇಲೂ ಕಾಕಾನ ಹೆಸರು ನೋಡಿದಾಗ ಒಳಗೆ ಸಣ್ಣಗೆ ಉರಿಯುತ್ತಲೇ ಇತ್ತು. ಓದುವಾಗ ಮಾತ್ರ ಅಳತೆ ತಪ್ಪಲಿಲ್ಲ.

ಆಮೇಲೊಂದು ವರ್ಷ ಊರೂರಿಗೆ ಜ್ವರ ಬಂತು. ಇಳಕಲ್ಲಿಗೂ ಬಂತು. ಸುದ್ದಿ ತಿಳಿದು ನಾನು ಹೋಗಿ ಮುಟ್ಟುವಷ್ಟರಲ್ಲಿ ಕಾಕಾನನ್ನು ಮಣ್ಣು ಮಾಡಿಯಾಗಿತ್ತು.

ಕೇಪ್ ಟೌನಿಗೆ ತಿಳಿಸುವವನು ನಾನೇ. ಶೋಕಪತ್ರದ ಮಾದರಿಗಳು ನನ್ನ ಪುಸ್ತಕದಲ್ಲಿ ಆರಿದ್ದವು, ಆರೂ ನನಗೆ ಬಾಯಿಪಾಠ. ಒಂದೂ ಆ ದರ್ಜಿಗೆ ತಟ್ಟುವಂತಿರಲಿಲ್ಲ. ಮೂರು ದಿನ ಹಾಳೆ ಹರಿದು ಕೊನೆಗೆ ಕಾಕಾನ ನಲವತ್ತೊಂದರಲ್ಲೇ ಹುಡುಕಿದೆ. ಸಿಕ್ಕವು. 'ಬ್ರದರ್ ಫಿನಿಷ್. ನೋ ಟುಮಾರೋ.' ಕೆಳಗೆ ನನ್ನ ಹೆಸರು, ಸಾಲೆಯ ವಿಳಾಸ ಹಾಕಿ ಕಳಿಸಿದೆ.

ಕೆಲವು ತಿಂಗಳ ಮೇಲೆ ಟಪಾಲಿನವನು ಸಾಲೆಯ ಬಾಗಿಲಲ್ಲಿ ನಿಂತು, ಎಲ್ಲ ಮಾಸ್ತರರ ಎದುರಿಗೆ, ದೊಡ್ಡ ದನಿಯಲ್ಲಿ ನನ್ನ ಹೆಸರು ಕೂಗಿದ. 'ಆಫ್ರಿಕಾದಿಂದ ಬಂದೈತ್ರಿ!' ಲಕೋಟೆಯ ಮೇಲೆ ಸಮುದ್ರದಾಚೆಯ ಮುದ್ರೆ, ಇಂಗ್ಲಿಷು ಅಕ್ಷರ, ನನ್ನ ಹೆಸರು. ಇಷ್ಟು ವರ್ಷ ನಾನು ಬಯಸಿದ್ದು ಇದನ್ನೇ. ಕೈಯಲ್ಲಿ ಹಿಡಿದುಕೊಂಡು ನಿಂತಾಗ, ಇದರ ಮೇಲೆ ಕಾಕಾನ ಹೆಸರಿರಬಾರದಿತ್ತೆ ಎಂದು ದುಃಖ ಒತ್ತರಿಸಿ ಬಂತು. ಹುಡುಗರ ಮುಂದೆ ಅತ್ತುಬಿಟ್ಟೆ.

ಅಲ್ಲಿ ಒಡೆಯಲಿಲ್ಲ. ಚುಂಗಿನಲ್ಲಿ ಕಟ್ಟಿಕೊಂಡು, ಚಕ್ಕಡಿ ಹತ್ತಿ, ಶಿರೂರಿನಲ್ಲಿ ಎತ್ತಿಗೆ ನೀರು ಕುಡಿಸಿ, ಇಳಕಲ್ಲಿಗೆ ಹೋದೆ. ಕಾಕಿ ಕಟ್ಟೆಯ ಮೇಲೆ ಹತ್ತಿ ಬಿಡಿಸುತ್ತ ಕೂತಿದ್ದಳು. ಎದುರಿಗೆ ಕೂತು ಒಡೆದೆ.

'ಏನ ಬರದಾನ?' ಎಂದಳು.

ಇದ್ದದ್ದನ್ನು ಇದ್ದ ಹಾಗೆ ಓದಿದೆ. 'ಹೋಲ್ಡ್, ಬ್ರದರ್.'

'ಅಷ್ಟ?'

'ಅಷ್ಟ, ಕಾಕಿ.'

ಅವಳು ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟಳು. ಆಮೇಲೆ ಎದ್ದು, ಜನ್ಮವಿಡೀ ಕೈಯಲ್ಲಿ ಹಿಡಿಯದ ಆ ಟೇಪನ್ನು ಗೂಟದಿಂದ ಇಳಿಸಿ ತಂದಳು. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಹಿತ್ತಾಳೆಯ ಉಂಗುರವನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಳು. ಅಳೆಯುವಂಥದೇನೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿನವರೆಗೂ ಇಬ್ಬರೂ ಹಾಗೇ ಹಿಡಿದುಕೊಂಡು ಕೂತಿದ್ದೆವು.